ನಾನು ಟೆಂಡರ್ ಮಾಡಿದ ರಾಜೀನಾಮೆ

ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲು ‘ಬ್ಯಾಡ್ರಿ, ಬ್ಯಾಡ್ರಿ’ ಎನ್ನಬೇಕು. ಇದು ನಮ್ಮ ಧಾರವಾಡದ ಪದ್ಧತಿ. ಚಹಾ ಇರಲಿ, ಹೋಳಿಗೆ ಇರಲಿ, ಭಾಳ ಒತ್ತಾಯವಾದ ಮೇಲೆಯೇ ಒಪ್ಪುವುದು. ರಾಜೀನಾಮೆಗೂ ಇದೇ ಪದ್ಧತಿ ಎಂದು ನಾನು ನಂಬಿದ್ದೆ!

ಪುಣೆಯ ವಾಕಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕೆ ನಾನು ಕಾರ್ಯದರ್ಶಿ. ರಾಜ್ಯೋತ್ಸವದ ಊಟಕ್ಕೆ ಶೇಂಗಾ ಹೋಳಿಗೆ ಎಂದೆ. ಸಭೆ ಜಿಲೇಬಿ ಎಂದಿತು. ನನ್ನ ಸ್ವಾಭಿಮಾನ ಕೆರಳಿತು. ಇವರನ್ನು ಸ್ವಲ್ಪ ಹೆದರಿಸಲೇಬೇಕು! ಮನೆಗೆ ಬಂದವನೇ ಇಂಗ್ಲಿಷಿನಲ್ಲಿ ರಾಜೀನಾಮೆ ಬರೆಯಲು ಕೂತೆ. ‘ಗಿವ್’ ಎಂದರೆ ಪಕ್ಕದ ಮನೆಗೆ ಕರಿಬೇವು ಕೊಟ್ಟಂತೆ. ‘ಸಬ್ಮಿಟ್’ ಎಂದರೆ ಕಚೇರಿಯ ಕಿಟಕಿಯಲ್ಲಿ ಅರ್ಜಿ ತುರುಕಿದಂತೆ. ನನ್ನ ಘನತೆಗೆ ತಕ್ಕದ್ದು ‘ಟೆಂಡರ್’ ಒಂದೇ. ‘ಐ ಹಿಯರ್‌ಬೈ ಟೆಂಡರ್ ಮೈ ರೆಸಿಗ್ನೇಷನ್.’ ಓದಿ ನನಗೇ ರೋಮಾಂಚನವಾಯಿತು.

“ಅಲ್ರೀ, ನಿಮ್ಮನ್ನ ಸ್ಟೇಜ್ ಮ್ಯಾಲೆ ನೋಡಲಿಕ್ಕೆ ಬಾರಾಮತಿಯಿಂದ ಹೊಸ ಬೀಗರು ಬರ್ಲಿಕ್ಕತ್ತಾರ. ನೀವ ಕರದೀರಿ. ಈಗ್ಯಾಕ ಈ ಹುಚ್ಚಾಟ?” ಎಂದಳು ಹೆಂಡತಿ ಸುಮಿತ್ರಾ.

“ನಿನಗ ತಿಳಿಯೂದಿಲ್ಲ. ಟೆಂಡರ್ ಅಂದ್ರ ಮುಂದ ಹಿಡಿಯೂದಷ್ಟ. ಅವ್ರು ಬ್ಯಾಡ ಅಂತಾರ, ಮನೀಗೆ ಬರ್ತಾರ. ನೀ ಚಹಾಕ್ಕಿಡು.”

ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಒಂದು ಹೆಬ್ಬೆರಳು ಬಂತು. ಹಿಂದೆಯೇ ಕೈಮುಗಿಯುವ ಚಿತ್ರಗಳ ಸುರಿಮಳೆ. ‘ಬೇಡ’ ಎಂಬ ಶಬ್ದ ಎಲ್ಲೂ ಇಲ್ಲ!

ಸಂಜೆ ಕರೆಗಂಟೆ ಸದ್ದು ಮಾಡಿತು. ನಮ್ಮ ಅಧ್ಯಕ್ಷರು, ಹೋಟೆಲು ನಡೆಸುವ ಉಡುಪಿ ಕಡೆಯ ಶೆಟ್ಟರು, ಸದಸ್ಯರ ಸಮೇತ ನಿಂತಿದ್ದರು. ಬಂದರಲ್ಲ! ನಾನು ಮುಖ ಬಿಗಿದುಕೊಂಡು ಕೂತೆ. ಶೆಟ್ಟರು ಚೀಲದಿಂದ ಶಾಲು, ಹಾರ, ಹಣ್ಣು ತೆಗೆದರು.

“ಇಷ್ಟು ದುಡಿದವರನ್ನು ಸನ್ಮಾನ ಮಾಡದೆ ಕಳಿಸುವುದುಂಟಾ ಮಾರಾಯ್ರೆ?”

“ಬ್ಯಾಡ್ರಿ, ಬ್ಯಾಡ್ರಿ!” ಎಂದು ಕೂಗಿದೆ. ಜೀವನದಲ್ಲಿ ಮೊದಲ ಸಲ ನಿಜವಾಗಿಯೂ ಬೇಡವಾಗಿತ್ತು. ಅವರು ಸಂಕೋಚವೆಂದುಕೊಂಡು ಹಾರ ಹಾಕಿಯೇ ಬಿಟ್ಟರು.

“ಶೆಟ್ರ, ಅದು ನಾ ಸುಮ್ಮನ...”

“ಗೊತ್ತುಂಟು. ಅಷ್ಟು ಗಟ್ಟಿ ಇಂಗ್ಲಿಷ್ ಬರೆದವರನ್ನು ತಡೆದರೆ ನಿಮಗೇ ಅವಮಾನ ಅಂತ ಎಲ್ಲರೂ ಹೇಳಿದರು. ಸುಮಿತ್ರಕ್ಕ, ಇನ್ನು ಕಾರ್ಯದರ್ಶಿ ನೀವೇ ಆಗಬೇಕು.”

ಚಹಾದ ಟ್ರೇ ಕೆಳಗಿಡುತ್ತ ಸುಮಿತ್ರಾ “ಆಗ್ಲಿರಿ” ಎಂದಳು. ನನ್ನ ಕಡೆ ನೋಡಲೂ ಇಲ್ಲ. ಅಂದಿನ ನಾಚಿಕೆಗೆ ನಾನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಳಿಯತೊಡಗಿದೆ. ಲಿಫ್ಟಿನಲ್ಲಿ ಬಳಗದವರು ಸಿಗುತ್ತಾರೆ.

ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಸುಮಿತ್ರಾ ವರದಿ ಓದಿದಳು. ಚಪ್ಪಾಳೆಯೋ ಚಪ್ಪಾಳೆ! ಊಟದ ಪಂಕ್ತಿಯಲ್ಲಿ ಬೀಗರು ನನ್ನನ್ನು ತಡೆದು ಕೇಳಿದರು: “ಅಲ್ರಿ ಬೀಗರ, ಸೆಕ್ರೆಟರಿ ನೀವ ಅಂದಿದ್ರಲ್ಲ?”

“ಮನ್ಯಾಗ ಒಬ್ರಿದ್ರ ಸಾಕಲ್ರಿ” ಎಂದು ಹಲ್ಲು ಕಿರಿದು, ನೀರಿನ ಜಗ್ಗು ಹಿಡಿದುಕೊಂಡು ಮುಂದಿನ ಸಾಲಿಗೆ ಓಡಿದೆ.