ಮೆಟ್ಟಿಲು ಜಾರಿದ ವೀಣೆ

ದೇಶದ ವಾದ್ಯಪರಂಪರೆಯನ್ನೆಲ್ಲ ಅರೆದು ಕುಡಿದಿದ್ದ ಇತಿಹಾಸದ ಮೇಷ್ಟ್ರಿಗೆ ಒಂದು ವೀಣೆ ಒರೆಸುವುದು ಯಾವ ಲೆಕ್ಕ? ಸಂಜೆ ಕಾಲೇಜಿನ ಸಭಾಂಗಣದಲ್ಲಿ ಹಳೆಯ ವಾದ್ಯಗಳ ಬಗ್ಗೆ ಅವರ ಭಾಷಣ, ಜೊತೆಗೆ ಹೆಂಡತಿಯ ವೀಣಾವಾದನ. ಶಾಲೆಯಲ್ಲಿ ಸಂಗೀತ ಪಾಠ ಹೇಳಲು ಹೊರಟಿದ್ದ ಆಕೆ ಧೂಳು ಒರೆಸಲು ಕೂತಾಗ ಮೇಷ್ಟ್ರು ಬಟ್ಟೆ ಕಿತ್ತುಕೊಂಡರು.

"ನೀನು ಹೋಗಿ ಬಾ. ಬರೋಷ್ಟರಲ್ಲಿ ಕನ್ನಡಿ ಮಾಡಿಟ್ಟಿರ್ತೀನಿ."

ಕನ್ನಡಿಯೇನೋ ಆಯಿತು, ಹೊಳಪಿಗೆಂದು ಹಚ್ಚಿದ ಎಣ್ಣೆ ಮಾತ್ರ ಕೊಂಚ ಧಾರಾಳವಾಯಿತು. ಒಣಗಲಿ ಎಂದು ವೀಣೆಯನ್ನು ತಾರಸಿಯ ಬಿಸಿಲಿಗೆ ಒರಗಿಸಿ, ಕೆಳಗಿಳಿದು ಬೀರುವಿನ ಮುಂದೆ ಭಾಷಣದ ಅಭ್ಯಾಸಕ್ಕೆ ನಿಂತರು. ಕೊಳಲು, ಮದ್ದಳೆ, ಹಳೆಯ ಶಿಲ್ಪಗಳಲ್ಲಿ ಬಿಲ್ಲಿನಂತೆ ಬಾಗಿದ ವೀಣೆ, ಎಲ್ಲವನ್ನೂ ಬಣ್ಣಿಸಿ, ಬೀರುವಿಗೆ ವಂದನೆ ಅರ್ಪಿಸಿ ಮೇಲೆ ಹೋದರು. ವೀಣೆಯ ತಂತಿಯ ಕೆಳಗೆ ಸ್ವರಕ್ಕೊಂದರಂತೆ ಸಾಲಾಗಿರುವ ಹಿತ್ತಾಳೆ ಮೆಟ್ಟಿಲುಗಳನ್ನು ಹಿಡಿದಿಡುವುದು ಮೇಣ. ಆ ಮೇಣ ಕರಗಿ, ಮೆಟ್ಟಿಲುಗಳು ಒಂದರ ಮೇಲೊಂದು ಕುಸಿದು ಕೂತಿದ್ದವು. ಮೆಟ್ಟಿಲು ಜಾರಿ ಬಿದ್ದವರನ್ನು ಮೇಷ್ಟ್ರು ಬೇಕಾದಷ್ಟು ಕಂಡಿದ್ದರು. ಮೆಟ್ಟಿಲೇ ಜಾರಿದ್ದು ಇದೇ ಮೊದಲು! ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಮೀಟಿದರು. ಹರಕು ತಗಡಿನಂತೆ ಝರ್ರೆಂದಿತು.

ಹೆಂಡತಿ ಬಂದು ನೋಡಿದಳು. ಬೈಯುವ ಬದಲು ಸಡಿಲ ಮೆಟ್ಟಿಲೊಂದನ್ನು ಬೆರಳಿನಿಂದ ತಳ್ಳಿ ನೋಡಿದಳು. ಮೇಷ್ಟ್ರಿಗೆ ಅದರಿಂದಲೇ ಹೆಚ್ಚು ಭಯವಾಯಿತು. ಮತ್ತೆ ಮೆಟ್ಟಿಲು ಕೂರಿಸುವುದು ನುರಿತವರ ಕೆಲಸ, ಸಂಜೆಯೊಳಗೆ ಆಗುವಂಥದ್ದಲ್ಲ. ಕಾರ್ಯಕ್ರಮವನ್ನೇ ನಿಲ್ಲಿಸೋಣ, ತಪ್ಪು ನನ್ನದೇ ಎಂದು ಹೇಳುತ್ತೇನೆ ಎಂದು ತೊದಲಿದರು.

"ನಿಮ್ಮ ಭಾಷಣದಲ್ಲಿ ಗೋಟುವಾದ್ಯ ಬರುತ್ತಾ?" ಎಂದು ಕೇಳಿದಳು ಆಕೆ.

"ಮೆಟ್ಟಿಲಿಲ್ಲದ ವೀಣೆಯಾ? ಇಲ್ಲ."

"ಈಗ ಬರುತ್ತೆ."

ಉಳಿದ ಮೆಟ್ಟಿಲುಗಳನ್ನೂ ಕಿತ್ತಳು, ಮೇಣ ಕೆರೆದಳು, ಗುಂಡನೆಯ ಗಾಜಿನ ಸೀಸೆಯೊಂದನ್ನು ಹುಡುಕಿ ತಂತಿಯ ಮೇಲೆ ಜಾರಿಸಿ ನೋಡಿದಳು. ಚಿಕ್ಕಂದಿನಲ್ಲಿ ಗುರುಗಳ ಬಳಿ ಒಂದಿಷ್ಟು ಕಲಿತು ಬಿಟ್ಟಿದ್ದ ವಿದ್ಯೆ. ಸಂಜೆಯವರೆಗೂ ಕೋಣೆಯ ಬಾಗಿಲು ತೆರೆಯಲಿಲ್ಲ.

ಸಭೆಯಲ್ಲಿ ಆ ಸೀಸೆ ತಂತಿಯ ಮೇಲೆ ಸರಿದಾಗ ಸ್ವರವೊಂದು ಮನುಷ್ಯರ ಕೊರಳಿನಂತೆ ಬಳುಕಿ ಮೇಲೇರಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈಕೆಯೊಳಗೆ ಇಂಥದ್ದೊಂದಿದೆ ಎಂದು ತಿಳಿಯದ ಮೇಷ್ಟ್ರು, ಮುಂದಿನ ಮಾತು ಮರೆತು, ಮೈಕಿನ ಮುಂದೆ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಕೊನೆಗೆ ಪ್ರಿನ್ಸಿಪಾಲರು ಓಡಿಬಂದು, ವೀಣೆಯ ಮೆಟ್ಟಿಲು ತೆಗೆಯುವ ಈ ಸಾಹಸ ಯಾರದು ಎಂದು ಕೇಳಿದರು. ಮೇಷ್ಟ್ರು ಎದೆಯುಬ್ಬಿಸಿ, ಮೂಲ ಪ್ರಯೋಗ ತಮ್ಮದೇ ಎಂದರು.

ವೀಣೆಗೆ ಗವಸು ತೊಡಿಸುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದಳು: "ರೀ, ನೀವು ಇತಿಹಾಸ ಹೇಳಿದ್ರೆ ಸಾಕು. ಸೃಷ್ಟಿ ಮಾಡೋಕೆ ಹೋಗ್ಬೇಡಿ."