ಬೋರ್ಡಿಲ್ಲದ ಗುಳಿಗೆ

ನನ್ನ ಸೋದರಮಾವನಷ್ಟು ಧೈರ್ಯದವರು ಮುಳ್ಳೇರಿಯದಲ್ಲಿ ಇನ್ನೊಬ್ಬರಿಲ್ಲ. ಎದುರಿಗೆ ಒಂದು ಗುಳಿಗೆ ಇಟ್ಟರೆ ಅವರಷ್ಟು ಪುಕ್ಕಲರೂ ಇನ್ನೊಬ್ಬರಿಲ್ಲ! ಕಾಸರಗೋಡಿನ ದಾರಿಯ ತಿರುವುಗಳಲ್ಲಿ ಆಯುಷ್ಯವಿಡೀ ಬಸ್ಸು ಓಡಿಸಿದವರು. ಬ್ರೇಕು ಹಿಡಿಯದ ಬಸ್ಸನ್ನು ಇಳಿಜಾರಿನಲ್ಲಿ ಗುಡ್ಡಕ್ಕೆ ಒರಗಿಸಿ ನಿಲ್ಲಿಸಿ, ಇಳಿದು ಚಹಾ ಕುಡಿದವರು. ಅಂಥವರು ಕಡಲೆಬೇಳೆಯಷ್ಟು ಸಣ್ಣ ಗುಳಿಗೆಯನ್ನು ಕಂಡು ಬೆವರುವುದೆಂದರೆ! ಮದುವೆಯಾಗದೆ ನಮ್ಮೊಂದಿಗೇ ಉಳಿದವರಾದ್ದರಿಂದ ಆ ಬೆವರಿಗೆ ನಾನೇ ಸಾಕ್ಷಿ.

ಅವರ ತಕರಾರು ಇಷ್ಟೆ. "ಬಸ್ಸಿಗಾದ್ರೆ ಬೋರ್ಡು ಉಂಟು. ಗುಳಿಗೆಗೆ ಎಂತ ಉಂಟು? ಹೊಟ್ಟೆಗೆ ಇಳಿದ ಮೇಲೆ ತಲೆಗೆ ಹೋಗ್ಬೇಕಾ, ಮೊಣಗಂಟಿಗೆ ಹೋಗ್ಬೇಕಾ ಅಂತ ಅದಕ್ಕೆ ಹೇಳುವವರು ಯಾರು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸುಮ್ಮನಿರುವುದುಂಟೇ? ಗುಳಿಗೆ ಕರಗಿ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ರಕ್ತ ಅದನ್ನು ಮೈಯೆಲ್ಲ ಸುತ್ತಿಸುತ್ತದೆ, ತನಗೆ ಕೆಲಸವಿದ್ದಲ್ಲಿ ಅದು ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಮಾವನ ಮುಖ ಬಿಳಿಚಿಕೊಂಡಿತು. ಹಾಗಾದರೆ ಮೊಣಗಂಟಿನ ಗುಳಿಗೆ ತಲೆಗೂ ಹೋಗುತ್ತದೆಯೇ? ಪಾಪ, ತಲೆ ಏನು ತಪ್ಪು ಮಾಡಿದೆ? ಲಿವರು ಅದನ್ನು ತಡೆದು ಮುರಿಯುತ್ತದೆ, ಉಳಿದದ್ದನ್ನು ಕಿಡ್ನಿ ಹೊರಗೆ ಕಳಿಸುತ್ತದೆ ಎಂದು ಸಮಾಧಾನ ಹೇಳಿದೆ. ಗಡಿಯಲ್ಲಿರುವ ತಲಪಾಡಿಯ ಚೆಕ್‌ಪೋಸ್ಟಿನ ಹಾಗೆಯೋ ಎಂದು ಕೇಳಿದರು. ಹೌದೆಂದೆ. ಹೇಳಬಾರದಿತ್ತು! ಚೆಕ್‌ಪೋಸ್ಟಿನ ಕಣ್ಣು ತಪ್ಪಿಸಿ ಏನೇನು ದಾಟುತ್ತದೆಂದು ಆ ಡ್ರೈವರಿಗೆ ಗೊತ್ತಿಲ್ಲವೇ?

ಆಮೇಲೆ ಜ್ವರಕ್ಕೂ ಕಷಾಯವೇ ಗತಿ. ತೀರಾ ಬಿಡದಿದ್ದರೆ ಗುಳಿಗೆಯನ್ನು ತೇಯುವ ಕಲ್ಲಿನಲ್ಲಿ ಅರೆದು ಜೇನಿನಲ್ಲಿ ಕಲಸಿ ನೆಕ್ಕುತ್ತಿದ್ದರು. ನಮ್ಮಲ್ಲಿ ಎಳೆಮಕ್ಕಳಿಗೆ ಮದ್ದು ತೇಯುವ ಕಲ್ಲದು. ಇಡೀ ನುಂಗಿದರೆ ಒಳಗೆ ಏನಿದೆಯೆಂದು ನೋಡಲು ಆಗುವುದಿಲ್ಲವಂತೆ. ಅರೆದ ಬಿಳಿ ಹುಡಿಯಲ್ಲಿ ಅವರು ಏನು ಕಂಡರೋ, ನನಗಂತೂ ಈವರೆಗೆ ಹೇಳಿಲ್ಲ.

ಹೀಗಿರುವಾಗ ಡಾಕ್ಟರು ನನಗೇ ಬಿಪಿ ಉಂಟೆಂದರು. ಇನ್ನು ಜೀವನವಿಡೀ ದಿನಕ್ಕೊಂದು ಗುಳಿಗೆ! ಮಾವನನ್ನು ಗೇಲಿ ಮಾಡುತ್ತಿದ್ದ ವಿಜ್ಞಾನದ ಟೀಚರು ಆ ಗುಳಿಗೆಯನ್ನು ಮುಂದಿಟ್ಟುಕೊಂಡು ಹೆದರಿ ಕುಳಿತಳು. ತೀರಿಹೋದ ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ನಾಳೆ ಬೆಳಿಗ್ಗೆ ತೆಗೆದುಕೊಳ್ಳುತ್ತೇನೆ ಎಂದು ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮರುದಿನ ನಾನು ಮಿಂದು ಬರುವಷ್ಟರಲ್ಲಿ ಮಾವ ಅಡುಗೆಮನೆಯ ಗೋಡೆಗೆ ಒರಗಿ ಕುಸಿದಿದ್ದರು. ಮೈಯೆಲ್ಲ ತಣ್ಣಗೆ, ತುಟಿಯಲ್ಲಿ ರಕ್ತವಿಲ್ಲ, ನಾಡಿ ಕೈಗೆ ಸಿಗುತ್ತಿಲ್ಲ. ಆಟೋದಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆನಪಾದ ದೈವಗಳಿಗೆಲ್ಲ ಹರಕೆ ಹೊತ್ತೆ. ಅಮ್ಮನ ಕಡೆಯವರೆಂದು ನನಗೆ ಉಳಿದಿರುವುದು ಇವರೊಬ್ಬರೇ. ದಾರಿ ಮುಗಿಯುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಕಾಲು ಎತ್ತರಿಸಿ ಮಲಗಿಸಿ ಡ್ರಿಪ್ಸ್ ಹಾಕಿದರು. ಬಿಪಿ ಪಾತಾಳಕ್ಕಿಳಿದಿದೆ, ಏನು ಮದ್ದು ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರು ಕೇಳಿದರು. ಮದ್ದೇ? ಇವರೇ? ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಆಗ ಮಾವ ಕಣ್ಣು ಮುಚ್ಚಿಕೊಂಡೇ, ಶೆಲ್ಫಿನಲ್ಲಿದ್ದ ನನ್ನ ಗುಳಿಗೆಯೊಂದನ್ನು ಬೆಳಗಿನ ಜಾವವೇ ಅರೆದು ನೆಕ್ಕಿದ್ದನ್ನು ಒಪ್ಪಿಕೊಂಡರು. ಡಾಕ್ಟರು ಹಣೆ ಚಚ್ಚಿಕೊಂಡರು. ಅದು ಇಡೀ ದಿನ ಸ್ವಲ್ಪ ಸ್ವಲ್ಪವೇ ಕರಗಬೇಕಾದ ಗುಳಿಗೆ. ಅರೆದರೆ ಒಂದು ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಅದೂ ಬಿಪಿಯೇ ಇಲ್ಲದ ಮುದುಕರಿಗೆ!

ಸಂಜೆಯ ಹೊತ್ತಿಗೆ ಕೈ ಬೆಚ್ಚಗಾಯಿತು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿಹೋದ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಮಗೆ ಅದು ಎಂತಕ್ಕೆ ಮಾವ? ನಿಮಗೆ ಬಿಪಿ ಉಂಟಾ?"

ಮಾವ ಗೋಡೆಯತ್ತ ನೋಡಿದರು. "ನೀನು ಹೆದರಿದ್ದಿ ಮಗಾ. ಒಳಗೆ ಹೋಗಿ ಎಂತ ಮಾಡ್ತದೆ ಅಂತ ಮೊದಲು ನನಗೆ ಗೊತ್ತಾಗ್ಲಿ ಅಂತ."

ಜ್ವರದ ಗುಳಿಗೆಗೂ ನಡುಗುವವರು! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟೆ. ಅವರಿಗೆ ನನ್ನ ಅಳು ಮುಗಿಯುವವರೆಗೆ ಕಾಯುವ ತಾಳ್ಮೆ ಎಲ್ಲಿ?

"ನಾಳೆಯಿಂದ ನೀನು ಇಡೀ ನುಂಗು," ಎಂದರು. "ನಾನು ಹತ್ತಿರ ಕೂತಿರ್ತೇನೆ."