ಪಟ್ಟಾಭಿಷೇಕದ ಪಾತ್ರೆಯ ತಳ ಹತ್ತಿದ ಪ್ರಕರಣ

ಉತ್ಖನನ ಹಾಗೂ ಊಹೆಗಳ ನಿರ್ದೇಶನಾಲಯ
ಸಂಖ್ಯೆ: ಉಊನಿ/ಮಡಕೆ/ಚೂರು-೪೩
ದಿನಾಂಕ: ಮೊಹರು ಸಿಕ್ಕಿದ ದಿನ

ಸುತ್ತೋಲೆ

ವಿಷಯ: ಮೂರನೆಯ ಗುಂಡಿಯ ರಾಜಪಾತ್ರೆಯನ್ನು ಹಾಲಿನ ಪಾತ್ರೆ ಎಂದು ಕರೆಯುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: ೧. ಮಾನ್ಯ ನಿರ್ದೇಶಕರ ವರದಿ (ಅಗೆತಕ್ಕೆ ಮುನ್ನವೇ ಮುದ್ರಿತ).
೨. ಪ್ರಯೋಗಾಲಯದ ವರದಿ (ಅನಗತ್ಯವಾಗಿ ತೆರೆಯಲಾಗಿದೆ).

ಮೂರನೆಯ ಗುಂಡಿಯಲ್ಲಿ ದೊರೆತ ಮಣ್ಣಿನ ಪಾತ್ರೆಯು ಅರಸನೊಬ್ಬನ ಪಟ್ಟಾಭಿಷೇಕದ್ದೆಂದು ಮಾನ್ಯ ನಿರ್ದೇಶಕರು ತೀರ್ಮಾನಿಸಿರುತ್ತಾರೆ. ಸದರಿ ಅರಸನ ಬಗ್ಗೆ ಬೇರಾವ ಪುರಾವೆಯೂ ಇಲ್ಲವಾದ್ದರಿಂದ ತೀರ್ಮಾನಕ್ಕೆ ಅಡ್ಡಿಯೇನೂ ಇರಲಿಲ್ಲ. ಹೀಗಿರುವಲ್ಲಿ, ಹನ್ನೊಂದು ವರ್ಷಗಳಿಂದ ಹಿತ್ತಲಿನ ನಲ್ಲಿಯ ಬಳಿ ಕೂತು ಮಡಕೆಚೂರು ತೊಳೆಯುತ್ತಿರುವ ಮಹಿಳೆಯು ಪ್ರದರ್ಶನದ ಉದ್ಘಾಟನೆಯಂದು ಅತಿಥಿಗಳೆದುರೇ, “ಅಯ್ಯೋ ಸಾರ್, ಇದು ಹಾಲು ಕಾಯಿಸೋ ಪಾತ್ರೆ. ತಳ ಹತ್ತಿದೆ ನೋಡಿ. ಕೆರೆದ ಗೀರೆಲ್ಲ ಎಡಗಡೆಯಿಂದ ಬಂದಿದೆ, ಎಡಗೈಯೋಳು ಇರಬೇಕು. ಪಾಪ, ಅವತ್ತು ಮನೇಲಿ ಎಷ್ಟು ಬೈಸ್ಕೊಂಡ್ಳೋ!” ಎಂದಿರುತ್ತಾರೆ. ಅತಿಥಿಗಳು ಅರಸನನ್ನು ಅಲ್ಲೇ ಬಿಟ್ಟು ಆಕೆಯ ಸುತ್ತ ನೆರೆದದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ಆದೇಶಿಸಲಾಗಿದೆ:

೧. ಚೂರು ತೊಳೆಯುವವರು ಚೂರನ್ನು ನೋಡತಕ್ಕದ್ದಲ್ಲ. ತೊಳೆಯಲು ಕೈ ಸಾಕು.

೨. ಹಾಲು ಕಾಯಿಸಿ ಅನುಭವವುಳ್ಳವರು ಪಾತ್ರೆಗಳ ಬಗ್ಗೆ ಅಭಿಪ್ರಾಯ ನೀಡಲು ಅನರ್ಹರು. ಮಾನ್ಯ ನಿರ್ದೇಶಕರು ಈವರೆಗೆ ಒಲೆಯ ಬಳಿ ಸುಳಿದಿಲ್ಲವೆಂಬುದು ದಾಖಲೆಗಳಿಂದ ದೃಢಪಟ್ಟಿದೆ.

೩. ಪಾತ್ರೆಯ ಹೊರಮೈಯ ಮಸಿಯನ್ನು ಇನ್ನು ಮುಂದೆ ರಾಜಕಳೆ ಎಂದು ಓದಿಕೊಳ್ಳತಕ್ಕದ್ದು.

೪. ಪಾತ್ರೆಯ ಒಳಮೈಯಲ್ಲಿ ಸೀದ ಹಾಲಿನ ಜಿಡ್ಡಿದೆ ಎಂದು ಪ್ರಯೋಗಾಲಯವು ತಿಳಿಸಿದೆ. ಇದರಿಂದ ಅರಸನು ಪಟ್ಟಾಭಿಷೇಕದಂದು ಖುದ್ದಾಗಿ ಹಾಲು ಕಾಯಿಸಲಿಟ್ಟು, ಮಂತ್ರಿಯೊಡನೆ ಹರಟುತ್ತ ಮರೆತು, ಅನಂತರ ಕಿರೀಟ ಕೆಳಗಿಟ್ಟು ತಾನೇ ಕೆರೆದನೆಂಬುದೂ, ಆತ ಎಡಚನೆಂಬುದೂ ನಿಸ್ಸಂದೇಹವಾಗಿ ಸಾಬೀತಾಗಿದೆ.

೫. ಎರಡು ಸಾವಿರ ವರ್ಷಗಳ ಹಿಂದೆ ತೀರಿಕೊಂಡವರ ಬಗ್ಗೆ ಪೂರ್ವಾನುಮತಿಯಿಲ್ಲದೆ ‘ಪಾಪ’ ಎನ್ನಕೂಡದು. ವಿಚಾರಣೆಯಲ್ಲಿ ಸದರಿ ಮಹಿಳೆಯು, “ಅವಳ ಪರವಾಗಿ ಹೇಳೋಕೆ ಇನ್ಯಾರಿದಾರೆ ಸಾರ್?” ಎಂದು ಮರುಪ್ರಶ್ನಿಸಿದ್ದು ನಿಯಮಬಾಹಿರ. ಸದರಿ ಪ್ರಶ್ನೆಯನ್ನು ನಡಾವಳಿಯಿಂದ ಕೈಬಿಡಲಾಗಿದೆ.

೬. ಶಿಸ್ತುಕ್ರಮವಾಗಿ ಆಕೆಯನ್ನು ಕಡತ ಕೊಠಡಿಗೆ ವರ್ಗಾಯಿಸಿ, ನಲ್ಲಿಯ ಬಳಿ ಗುಮಾಸ್ತರೊಬ್ಬರನ್ನು ಕೂರಿಸಲಾಗಿತ್ತು. ಅವರು ಮೊದಲೇ ಮೌಖಿಕವಾಗಿ ತಿಳಿಸಿದ್ದ ಒಂದನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ನಾಲ್ಕು ಬುಟ್ಟಿ ಚೂರುಗಳ ಮೇಲಿದ್ದ ಬಣ್ಣದ ಚಿತ್ತಾರವನ್ನು ಪೂರ್ತಿ ಉಜ್ಜಿ ತೆಗೆದಿದ್ದಾರೆ. ಅವರಿಗೆ ಪ್ರಶಂಸಾಪತ್ರ ನೀಡಲಾಗಿದೆ.

೭. ಸದರಿ ಮಹಿಳೆಯನ್ನು ನಾಳೆಯಿಂದಲೇ ನಲ್ಲಿಯ ಬಳಿಗೆ ವಾಪಸ್ ಕರೆಸಿಕೊಳ್ಳತಕ್ಕದ್ದು. ಇದನ್ನು ಇಲಾಖೆಯ ಸೋಲೆಂದು ಓದಬಾರದು. ಏನೆಂದು ಓದಬೇಕೆಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ರಾಣಿಯನ್ನು ಹುಡುಕಲು ತೆರಳಿದ್ದಾರೆ)

ಪ್ರತಿಗಳು:
೧. ಪ್ರಯೋಗಾಲಯದ ಮುಖ್ಯಸ್ಥರಿಗೆ: ಮುಂದಿನ ಫಲಿತಾಂಶಗಳಿಗೆ ಮುಂಚಿತವಾಗಿ ಅನುಮೋದನೆ ಪಡೆಯುವಂತೆ.
೨. ಪ್ರದರ್ಶನಾಲಯದ ಕಾವಲುಗಾರರಿಗೆ: “ಎಡಗೈಯೋಳ ಪಾತ್ರೆ ಎಲ್ಲಿದೆ?” ಎನ್ನುವವರಿಗೆ ದಾರಿ ತೋರಿಸದಂತೆ.
೩. ಚೂರು ತೊಳೆಯುವ ಮಹಿಳೆಗೆ: ಓದಿ ಹೇಳಿ, ಸಹಿ ಪಡೆಯಲಾಗಿದೆ. ಸಹಿಯ ಕೆಳಗೆ ಆಕೆ ಬರೆದಿರುವುದು: “ಬರ್ತೀನಿ ಸಾರ್. ಆದ್ರೆ ನೋಡ್ತೀನಿ.”